ಮಡಿಯ ನೀರಿಗೆ ಜಾಗ

ಗಂಡನ ತಿಥಿಯ ಕೆಲಸಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ, ಅವನು ಎರವಲು ತಂದಿದ್ದ ಅಳತೆಯ ಟೇಪನ್ನು ಹಿಂದಿರುಗಿಸಲು ಭಾಗ್ಯಶ್ರೀ ಶಿಗ್ಗಾವಿಯ ಗ್ಯಾರೇಜಿಗೆ ಬಂದಳು. ಮಿಸ್ತ್ರಿ ಚಹಾಕ್ಕೆ ಹೋಗಿದ್ದ. ಒಳಗೇ ಮಲಗಿ ಊರೂರು ತಿರುಗಲು ಮಾಡಿಟ್ಟ ಗಾಡಿಗಳ ಮುಂದೆ, ಕೊಳ್ಳಲು ಬಂದ ಗಂಡ ಹೆಂಡತಿ ವಾದಕ್ಕೆ ಬಿದ್ದಿದ್ದರು.

"ಈ ಸಣ್ಣ ವ್ಯಾನೇ ಸಾಕು. ಕಾಡಿನ ದಾರಿಯೊಳಗ ದೊಡ್ಡದು ತಿರಗೂದಿಲ್ಲ," ಎಂದ ಅವನು.

"ಅಲ್ಲಿ ನಳಾ ಇಲ್ಲ, ಕರೆಂಟ್ ಇಲ್ಲ. ಇದರ ಟಾಕಿಯೊಳಗ ಎಷ್ಟು ನೀರು ಹಿಡೀತದ?"

"ಐವತ್ತು ಲೀಟರ್."

"ಅದು ಅತ್ತಿಯವರ ಮಡಿ ಸ್ನಾನಕ್ಕ ಆತು. ನಾವೇನು ಗಾಳಿ ಕುಡಿಯೂದೇನ್ರಿ?"

"ಹಂಗಾರ ಅವ್ವನ್ನ ಬಿಟ್ಟು ಹೋಗೂಣು ಅಂತೀಯೇನು?"

"ನಾ ಎಲ್ಲಿ ಹಂಗಂದೆ? ನೀರಿನ ವಿಚಾರ ಮಾಡ್ರಿ ಅಂತ ತಿಂಗಳಿಂದ ಬಡಕೊಳ್ಳಾಕತ್ತೇನಿ. ನಿಮಗ ಸೋಲಾರ್ ಒಂದೇ ಕಾಣತದ."

ಹೆಂಡತಿ ಭಾಗ್ಯಶ್ರೀಯತ್ತ ತಿರುಗಿದಳು. "ಅಕ್ಕಾರ, ಆ ಟೇಪ್ ಕೊಡ್ರಿ ಸ್ವಲ್ಪ."

ಭಾಗ್ಯಶ್ರೀ ಕೊಟ್ಟಳು. ಆಕೆ ವ್ಯಾನಿನ ಹಾಸಿಗೆಯ ಕೆಳಗೆ ಅಳೆದಳು.

"ನೋಡ್ರಿ, ಇಲ್ಲಿ ಇನ್ನೊಂದು ಟಾಕಿ ಕೂಡತದ."

"ಅದು ನನ್ನ ಕ್ಯಾಮೆರಾ ಪೆಟಿಗಿ ಜಾಗಾ!"

"ಪೆಟಿಗಿ ಮನ್ಯಾಗ ಇರಲಿ. ಅತ್ತಿಯವರು ಬರಲಿ."

ಅವನು ಬಾಗಿಲ ಕಡೆ ನಡೆದ. ಆಕೆ ಟೇಪು ಮರಳಿಸಿದಳು. "ಛಲೋ ಟೇಪ್ ಅದ. ನಿಮ್ದೇನ್ರಿ?"

"ಅಲ್ಲ. ನಮ್ಮವರು ಇಲ್ಲಿಂದ ಕೇಳಿ ತಂದಿದ್ದರು."

"ಅವರಿಗೆ ಥ್ಯಾಂಕ್ಸ್ ಹೇಳ್ರಿ," ಎಂದು ಆಕೆ ಗಂಡನ ಹಿಂದೆ ಹೊರಟಳು.

ಭಾಗ್ಯಶ್ರೀ ಹೂಂ ಅಂದಳು. ಹೊರಗುಳಿದಿದ್ದ ಪಟ್ಟಿಯನ್ನು ಒಳಗೆ ಸುತ್ತಿ, ಟೇಪನ್ನು ಮಿಸ್ತ್ರಿಯ ಮೇಜಿನ ಮೇಲಿಟ್ಟಳು.