ಪಾಳಿಯ ಹಾಲು

ಹಾರ ಹಾಕಿದ್ದಾಯಿತು, ಚಪ್ಪಾಳೆಯೂ ಆಯಿತು. ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದ ದಾಕ್ಷಾಯಣಿ ಈಗ ಇಲ್ಲೇ ಮಂಟಪದ ಮೇಲೆ ಮುಂದಿನ ಸಾಲಿನಲ್ಲಿ ಅಪ್ಪ ಅಮ್ಮನ ನಡುವೆ ಕೂತಿದ್ದಾಳೆ. ಹದಿನಾಲ್ಕು ವರ್ಷದ ಕೂಸು. ಸಿಹಿ ಮಾತನ್ನೆಲ್ಲ ನಿಮ್ಮಲ್ಲಿ ಮೂವರು ಆಗಲೇ ಆಡಿ ಮುಗಿಸಿದ್ದೀರಿ. ಆಶೀರ್ವಚನದ ಬದಲು ನಾನು ಒಂದು ಕಥೆ ಹೇಳುತ್ತೇನೆ. ಹಿಂದೆ ನಿಂತವರು ಸ್ವಲ್ಪ ಗದ್ದಲ ನಿಲ್ಲಿಸಿ.

ಒಂದು ಊರಿತ್ತು. ಆ ಊರಿಗೊಂದು ಗರಡಿ ಮನೆ, ಗರಡಿಗೊಬ್ಬ ವಸ್ತಾದ, ಅವನ ಕೈಯಲ್ಲಿ ಪಳಗಿದ ಒಬ್ಬ ಹುಡುಗ. ಹೆಸರು ಯಲ್ಲಾಲಿಂಗ. ಹದಿನೈದು ತುಂಬುವ ಮೊದಲೇ ಅವನು ಯುಗಾದಿಯ ಕುಸ್ತಿಯಲ್ಲಿ ಮೀಸೆ ಬಲಿತ ಪೈಲ್ವಾನನೊಬ್ಬನನ್ನು ಎತ್ತಿ ಕೆಡವಿದ. ಊರಿಗೆ ಊರೇ ಹುಚ್ಚೆದ್ದಿತು. ಅವತ್ತೇ ಹಿರಿಯರು ಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದರು: ಇನ್ನು ಮೇಲೆ ಪಾಳಿಯ ಪ್ರಕಾರ ದಿನಕ್ಕೊಂದು ಮನೆಯವರು ಅವನಿಗೆ ಒಂದು ತಂಬಿಗೆ ಹಾಲು ತರಬೇಕು. ಇದರಲ್ಲಿ ತಪ್ಪೇನಿದೆ ಅನ್ನುತ್ತೀರಿ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ.

ಆದರೆ ನೋಡಿ, ಹಾಲು ತಂದವರು ತಂಬಿಗೆ ಇಟ್ಟು ಹೋಗುತ್ತಿರಲಿಲ್ಲ. ಅವನು ಕುಡಿದು ಮುಗಿಸುವವರೆಗೂ ಎದುರಿಗೇ ನಿಲ್ಲುತ್ತಿದ್ದರು. ರಟ್ಟೆ ಹಿಸುಕಿ, "ನಮ್ಮನಿ ಹಾಲು ಮೈಗೆ ಹತ್ತೇತಿ ನೋಡ" ಅನ್ನುತ್ತಿದ್ದರು. ಸಾಲದ್ದಕ್ಕೆ, ಜಿಲ್ಲೆಯ ಕುಸ್ತಿಯಲ್ಲಿ ಗೆದ್ದವನಿಗೆ ಕೊಡುವ ಬೆಳ್ಳಿ ಗದೆ ಹೇಗೂ ಬರುತ್ತದೆ, ತೂಗುಹಾಕಲು ಬೇಕು ಎಂದು ಗರಡಿಯ ಗೋಡೆಗೆ ಒಂದು ಗೂಟ ಹೊಡೆದರು. ಗದೆ ಇನ್ನೂ ಬಂದಿಲ್ಲ, ಗೂಟ ಬಂತು! ಹುಡುಗ ಬೆಳಿಗ್ಗೆ ಮಣ್ಣಿಗೆ ಇಳಿದರೆ ಮೊದಲು ಕಣ್ಣಿಗೆ ಬೀಳುವುದು ಆ ಖಾಲಿ ಗೂಟ. ಎರಡು ವರ್ಷ ಅದನ್ನೇ ನೋಡಿದ.

ಗದೆಯ ಕುಸ್ತಿಗೆ ಹನ್ನೆರಡು ದಿನ ಉಳಿದಿತ್ತು. ತಾಲೀಮಿನಲ್ಲಿ ಯಲ್ಲಾಲಿಂಗನ ಕುತ್ತಿಗೆ ಕಳಕ್ ಎಂದಿತು. ನೋವು ದೊಡ್ಡದೇನಲ್ಲ, ಆದರೆ ಎಡಗೈಯ ಬೆರಳುಗಳು ಜೋಮು ಹಿಡಿದವು. ಸಂಜೆಗೆ ಬಿಟ್ಟೀತು ಅಂದುಕೊಂಡ, ಬಿಡಲಿಲ್ಲ. ಮರುದಿನ ಬೆಳಿಗ್ಗೆ ತಂಬಿಗೆ ಕೈಜಾರಿ ಹಾಲೆಲ್ಲ ಕೆಂಪು ಮಣ್ಣಿನ ಪಾಲಾಯಿತು. ಅವತ್ತು ಪಾಳಿ ಯಾರದು ಗೊತ್ತೇ? ಒಂದೇ ಎಮ್ಮೆ ಕಟ್ಟಿಕೊಂಡ ಮುದುಕಿಯದು.

"ಕೈಗೇನಾಗೇತೋ ನನ ಕಂದಾ?" ಎಂದಳು ಮುದುಕಿ.

"ಯಮ್ಮಾ, ಬೆರಳು..." ಎಂದ ಹುಡುಗ.

ಅಷ್ಟರಲ್ಲಿ ಮುದುಕಿ ಸೆರಗಿನಿಂದ ಅವನ ಕೈ ಒರೆಸುತ್ತ, "ಹೋಗ್ಲಿ ಬಿಡೋ. ಮನ್ಯಾಗ ಮೊಮ್ಮಗಳು ಹಾಲು ಹಾಲು ಅಂತ ಅಳಾಕತ್ತಿದ್ಲು. ನಮ್ಮ ಯಲ್ಲಾಲಿಂಗ ಗದಿ ತರ್ಲಿ, ಆಮ್ಯಾಲೆ ನೀ ಕುಡಿಯೂವಂತಿ ಅಂತ ಹೇಳಿ ಬಂದೀನಿ" ಎಂದಳು.

ಪ್ರೀತಿಯಿಂದಲೇ ಅಂದಳು, ಪಾಪ. ಆದರೆ ಹುಡುಗ ಕೈ ಹಿಂದಕ್ಕೆ ಎಳೆದುಕೊಂಡ. "ಎಣ್ಣಿ ಕೈ ಯಮ್ಮಾ, ಜಾರ್ತು" ಎಂದುಬಿಟ್ಟ.

ಮರುದಿನದಿಂದ ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಕುಡಿಯತೊಡಗಿದ. ವಸ್ತಾದ ನೋಡಿದ. ಮೂವತ್ತು ವರ್ಷ ಪೈಲ್ವಾನರ ಮೈಕೈ ನೀವಿದವನಿಗೆ ತಿಳಿಯದೇ? ನೋಡಿದವನು ಗೋಡೆಯ ಗೂಟದ ಕಡೆ ಮುಖ ತಿರುಗಿಸಿದ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆಯಾಗುವುದು ಇಲ್ಲಿಯೇ. ಹಾಲು ತಂದವರಿಗೆ ಗೊತ್ತಿರಲಿಲ್ಲ ಅನ್ನಿ, ಇವನಿಗೆ ಗೊತ್ತಿತ್ತಲ್ಲ!

ಆ ಹುಡುಗ ಆ ದಿನಗಳನ್ನು ಹೇಗೆ ಕಳೆದಿರಬೇಕು! ಅಂಗಿಯ ಗುಂಡಿ ಹಾಕಲು ಬೆರಳು ಬಾರದೆ, ಬಾಗಿಲು ಮುಚ್ಚಿಕೊಂಡು ಹಲ್ಲಿನಿಂದ ಎಳೆಯುತ್ತಿದ್ದನಂತೆ. ತಾಯಿಗೂ ಹೇಳಲಿಲ್ಲ. ಇಷ್ಟು ಮನೆಯ ಹಾಲು ಕುಡಿದವನು ಊರಿನವರ ಮುಖ ಹೇಗೆ ನೋಡಲಿ ಎಂಬ ಹೆದರಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಕುಸ್ತಿಯ ದಿನ ಬಂತು. ಹಲಗೆ ಬಾರಿಸಿದರು. ಎದುರಾಳಿ ಕೆಳಗೆ ಹಾಕಿದಾಗ, ಬೆನ್ನು ಮಣ್ಣಿಗೆ ತಾಗಬಾರದೆಂದು ಯಲ್ಲಾಲಿಂಗ ನೆತ್ತಿಯ ಮೇಲೆ ಭಾರ ಹಾಕಿ ಮೈಯನ್ನು ಕಮಾನು ಮಾಡಿದ. ಇಡೀ ಊರು ಎದ್ದು ನಿಂತು ಕೂಗಿತು: "ಬಿಡಬ್ಯಾಡಲೇ! ತಡಕೋ! ತಡಕೋ!" ಅವನು ತಡೆದುಕೊಂಡ. ಕುತ್ತಿಗೆ ತಡೆದುಕೊಳ್ಳಲಿಲ್ಲ.

ನಾಲ್ಕು ಜನ ಸೇರಿ ಎತ್ತಿದರು. ಎತ್ತಿದವರನ್ನು ಅವನು ಕೇಳಿದ್ದು ಇಷ್ಟೇ: "ನನ್ನ ಕೈ ಎಲ್ಲೇತ್ರಿ?"

ಜೀವ ಉಳಿಯಿತು, ಆದರೆ ಎರಡೂ ಕೈ ಮತ್ತೆ ಮೇಲೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮುದುಕಿ ತಂಬಿಗೆ ಹಿಡಿದುಕೊಂಡು ಹೋದಳು. ಚಮಚದಲ್ಲಿ ಹಾಲು ಕುಡಿಸುತ್ತ, "ಆವತ್ತ ಏನೋ ಹೇಳಾಕ ಬಂದಿದ್ಯಲ್ಲೋ, ಏನದು?" ಎಂದು ಕೇಳಿದಳು. ಹುಡುಗ ಕಣ್ಣು ಮುಚ್ಚಿಕೊಂಡ.

ಆ ಊರು ಎಲ್ಲಿದೆ ಅಂತ ಯೋಚಿಸುತ್ತಿದ್ದೀರಾ? ಇವತ್ತು ಇಲ್ಲಿ ನೀವು ಮಾಡಿದ್ದೇನು? ಒಬ್ಬರು ಬೂಟು ಕೊಟ್ಟಿರಿ. ಒಬ್ಬರು ಬಾದಾಮಿ ಚೀಲ ಕೊಟ್ಟಿರಿ. ಇನ್ನೊಬ್ಬರು ಮೈಕು ಹಿಡಿದು, ಒಲಿಂಪಿಕ್ಸ್ ಪದಕ ತಂದೇ ತರುತ್ತಾಳೆ ಎಂದು ಊರಿಗೆಲ್ಲ ಮಾತು ಕೊಟ್ಟಿರಿ. ಅವಳನ್ನು ಕೇಳಿ ಕೊಟ್ಟಿರಾ? ಈ ಮಂಟಪದ ಮೂರು ಮೆಟ್ಟಿಲು ಹತ್ತುವಾಗ ಆ ಕೂಸು ಎಡಗಾಲು ಊರಲು ಹೆದರಿತು. ನಾನು ಕಂಡೆ. ನೀವೆಲ್ಲ ಕೊರಳಿನ ಪದಕ ನೋಡುತ್ತಿದ್ದಿರಿ.

ಮಗಳೇ, ಈಗ ಏನೂ ಹೇಳಬೇಡ. ಇಷ್ಟು ಜನರೆದುರು ಕೇಳಿದರೆ ನೀನೂ ಏನೂ ಇಲ್ಲ ಅಂದುಬಿಡುತ್ತೀಯ.

ಅವಳ ಅಪ್ಪ ಅಮ್ಮನಿಗೆ ಹೇಳುತ್ತೇನೆ, ಮಕ್ಕಳನ್ನು ಆಟಕ್ಕೆ ಕಳಿಸುವ ಎಲ್ಲರಿಗೂ ಹೇಳುತ್ತೇನೆ. ಮನೆಯ ಗೋಡೆಗೆ ಹೊಡೆದ ಗೂಟ ಮೊದಲು ಕೀಳಿ. ಮಗು ಮೈದಾನದಿಂದ ಬಂದಾಗ ಗೆದ್ದೆಯಾ ಅನ್ನುವ ಮುಂಚೆ, ಎಲ್ಲಿ ನೋಯುತ್ತಿದೆ ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಆ ಮುದುಕಿ ಕೇಳಿದಳು, ಕಾಯಲಿಲ್ಲ. ಇನ್ನು ಒಂದು ವರ್ಷ ಓಡಬೇಡ ಎಂದು ಡಾಕ್ಟರು ಹೇಳಿದರೆ, ಅವಳ ಮುಂದೆ ಮುಖ ಸಣ್ಣದು ಮಾಡಬೇಡಿ.

ಪ್ರಸಾದ ಆಮೇಲೆ ಆಗಲಿ. ಮೊದಲು ಅವಳ ಅಪ್ಪ ಆ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಇಳಿಯಲಿ. ಏಳಿ, ದಾರಿ ಬಿಡಿ.