ಕರೆಂಟಿಲ್ಲದ ರಾತ್ರಿ ತಿರುಗಿದ ಲೇಥು

ರಾತ್ರಿ ಹನ್ನೊಂದೂವರೆ ಆಗಿತ್ತು. ಕುರುಬರಹಳ್ಳಿ ಅಂಚಿನ ಹಾಳುಬಾವಿ ಹತ್ತಿರ ಸೇತುರಾಮ ಒಬ್ಬನೇ ನಡ್ಕೊಂಡು ಬರ್ತಾ ಇದ್ದ. ಸೇತುರಾಮ ಅಂದ್ರೆ ಬೇರೆ ಯಾರೂ ಅಲ್ಲ, ನಮ್ಮ ದೊಡ್ಡಮ್ಮನ ಮಗ. ಕರಿಬಸಪ್ಪನವರ ವರ್ಕ್‌ಶಾಪಿನಲ್ಲಿ ಲೇಥ್, ಅಂದ್ರೆ ಲೋಹ ತಿರುಗಿಸಿ ಕೆತ್ತೋ ಮಿಷನ್ನು, ಓಡಿಸ್ತಿದ್ದ. ಶೆಡ್ಡಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಬೀಗದಕೈ ಜೇಬಿಗೆ ಹಾಕ್ಕೊಂಡು ಹೊರಟಿದ್ದ. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ಎಪ್ಪತ್ಮೂರನೇ ಇಸವಿ ಅದು. ಕರೆಂಟು ನೆಂಟರ ಹಾಗೆ, ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ.

ಬಾವಿಕಟ್ಟೆ ಮೇಲೆ ಒಂದು ಕೆಂಡ ಕಾಣಿಸ್ತು. ಕಡ್ಲೆಕಾಳಿನಷ್ಟು. ಮೇಲೆ ಹೋಯ್ತು... ಕೆಳಗೆ ಬಂತು.

ಸೇತುರಾಮನ ಚಪ್ಪಲಿ ಅಲ್ಲೇ ನಿಂತ್ಬಿಡ್ತು.

"ಯಾರೋ ಅದು?"

"ಮೆಲ್ಲಗೆ ಮಾತಾಡು ಗುರು. ನಾನೇ, ವೆಂಕಟಗಿರಿ."

ಅಪ್ಪನ ಕಣ್ಣು ತಪ್ಪಿಸಿ ಬೀಡಿ ಸೇದೋಕೆ ಬಂದಿದ್ದ. ಇಬ್ಬರೂ ಒಂದೇ ನಾಟಕದ ಗುಂಪಿನವರು. ಸ್ನೇಹಿತರು ಅನ್ನಬಹುದು, ಆದರೆ ಆ ವಾರ ಮಾತ್ರ ಅನ್ನೋಹಾಗಿರಲಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಡೀರಿ.

ವೆಂಕಟಗಿರಿ ಬೀಡಿ ಕಟ್ಟೆಗೆ ಉಜ್ಜಿ ಆರಿಸಿ ಪಿಸುಗುಟ್ಟಿದ, "ಶೆಡ್ಡಲ್ಲಿ ಯಾರನ್ನ ಬಿಟ್ಟು ಬಂದೆ?"

"ಯಾರನ್ನೂ ಇಲ್ಲ. ಬೀಗ ಹಾಕ್ದೆ."

"ಹಂಗಾದ್ರೆ ಅದೇನು?"

ಸೇತುರಾಮ ಕಿವಿಗೊಟ್ಟ. ಕಪ್ಪೆ ಕೂಗ್ತಿತ್ತು. ದೂರದಲ್ಲಿ ಮಾಗಡಿ ರಸ್ತೆ ಮೇಲೆ ಒಂದು ಲಾರಿ ಹೋಯ್ತು. ಆಮೇಲೆ...

ಟಣ್. ಟಣ್. ... ಠಕ್.

ಎರಡು ಏಟು ತಗಡಿನ ಮೇಲೆ. ಮೂರನೇದು ಬರೀ ಕಬ್ಬಿಣದ ಮೇಲೆ. ಮತ್ತೆ, ಟಣ್. ಟಣ್. ... ಠಕ್.

ಹೀಗೆ ಬಡಿಯೋ ಮನುಷ್ಯ ಆ ಊರಲ್ಲಿ ಒಬ್ಬರೇ ಇದ್ದದ್ದು, ದೊಡ್ಡಹನುಮಯ್ಯ ತಾತ. ಎರಡು ಏಟು ಕೆಲಸಕ್ಕೆ, ಒಂದು ಏಟು ಕೆಳಗಿನ ಕಬ್ಬಿಣದ ದಿಮ್ಮಿಗೆ, ಕೈಗೆ ವಿಶ್ರಾಂತಿ ಅಂತ. ಮೂವತ್ತು ವರ್ಷ ಊರಿನ ನಾಟಕಗಳಿಗೆಲ್ಲ ಕಿರೀಟ, ಗದೆ, ಎದೆಕವಚ ಅವರೇ ಬಡಿದು ಕೊಟ್ಟಿದ್ದು. ಒಂದು ಕಾಸು ಮುಟ್ಟಿದವರಲ್ಲ, ಅದೊಂದು ಖಯಾಲಿ. ಸತ್ತು ಮೂರು ತಿಂಗಳಾಗಿತ್ತು.

"ಅವರೇನಾ?" ಅಂದ ವೆಂಕಟಗಿರಿ.

"ಸುಮ್ನಿರೋ."

"ಹೋಗಿ ನೋಡೋಣ್ವಾ?"

"ನೀನು ಹೋಗು."

"ಬೀಗದಕೈ ನಿನ್ನತ್ರ ಅಲ್ವಾ ಇರೋದು?"

ಯಾರೂ ಹೋಗಲಿಲ್ಲ ಬಿಡಿ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದು ಮನೆಗೆ ಓಡಿದ್ರು.

ಈಗ ಕೇಳಿ, ಆ ವಾರ ಇಬ್ಬರಿಗೂ ಯಾಕೆ ಆಗ್ತಿರಲಿಲ್ಲ ಅಂತ. ಶನಿವಾರ ರಾತ್ರಿ ಸ್ಕೂಲ್ ಮೈದಾನದಲ್ಲಿ ಪೌರಾಣಿಕ ನಾಟಕ. ಸೇತುರಾಮ ಐದು ವರ್ಷದಿಂದ ಆ ಗುಂಪಿನಲ್ಲಿ ಪೆಟ್ಟಿಗೆ ಹೊತ್ತಿದ್ದ, ಪರದೆ ಎಳೆದಿದ್ದ, ಒಂದು ಸಲ ಸೈನಿಕನಾಗಿ ಬಂದು ಮೊದಲ ಸೀನಲ್ಲೇ ಸತ್ತಿದ್ದ. ಈ ಸಲ ನಾಟಕದ ಮೇಷ್ಟ್ರು ನಾರಾಯಣಪ್ಪ ಒಂದು ಮಾತು ಹೇಳಿದ್ರು. "ತಾತ ಇಲ್ಲ. ರಾಕ್ಷಸನಿಗೆ ಹೊಸ ಗದೆ ಬೇಕು. ಶನಿವಾರದೊಳಗೆ ನೀನು ಮಾಡಿ ತಂದ್ರೆ ರಾಕ್ಷಸನ ಪಾರ್ಟು ನಿಂದು. ತರಲಿಲ್ಲ ಅಂದ್ರೆ ವೆಂಕಟಗಿರಿದು. ಅವನು ಹಳೇ ರಟ್ಟಿನ ಗದೆ ಇಟ್ಕೊಂಡು ಕುಣೀತಾನೆ."

ಸೇತುರಾಮ ಅಂದ, "ರಟ್ಟು ಗಿಟ್ಟು ಏನೂ ಬೇಡ ಸಾರ್, ಲೇಥಲ್ಲಿ ಮಾಡ್ತೀನಿ. ತಾತನಿಗೆ ಒಂದು ತಿಂಗಳು ಹಿಡೀತಿತ್ತಲ್ಲ, ನನಗೆ ಮೂರು ದಿನ ಸಾಕು."

ತಾತ ಬದುಕಿದ್ದಾಗಲೂ ಅವರಿಗೂ ಸೇತುರಾಮನಿಗೂ ಇದೇ ಜಗಳ. ಸೇತುರಾಮ ಲೇಥಲ್ಲಿ ಒಂದು ಕಳಶ ಮಾಡಿ ತೋರಿಸಿದ್ದ. ತಾತ ಅದನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣೋ. ಎಷ್ಟು ಗುಂಡಗಿದೆ ಅಂದ್ರೆ, ಯಾರೂ ಮಾಡಿದ್ದಲ್ಲ ಅನ್ನಿಸುತ್ತೆ," ಅಂದಿದ್ರು. ಸೇತುರಾಮ ಅದನ್ನ ಹೊಗಳಿಕೆ ಅಂದ್ಕೊಂಡು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ.

ಅಲ್ಯೂಮಿನಿಯಂ ತಗಡನ್ನ ಲೇಥಿಗೆ ಕಟ್ಟಿ ಎರಡು ಬಟ್ಟಲು ತಿರುಗಿಸಿದ. ಒಂದರ ಮೇಲೊಂದು ಕವುಚಿದ್ರೆ ಗದೆಯ ಗುಂಡು ಆಗೋಯ್ತು. ಆದರೆ ಎರಡರ ಅಂಚು ಮಡಿಸಿ ಸೇರಿಸೋದು ಮಿಷನ್ನಿಗೆ ಬರಲ್ಲ, ಅದಕ್ಕೆ ಸುತ್ತಿಗೆ ಬೇಕು. ತಾತನ ಹೆಂಡತಿ ಚಿಕ್ಕಗಂಗಮ್ಮನ ಹತ್ತಿರ ಹೋಗಿ ಕೇಳಿದ. ಅಜ್ಜಿ ಒಳಗೆ ಹೋಗಿ, ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಸುತ್ತಿಗೆ ತಂದು ಕೈಗೆ ಕೊಟ್ರು.

ಇಲ್ಲೇ ಅವನು ಕೆಟ್ಟದ್ದು.

ಸುತ್ತಿಗೆ ಮುಖ ನೋಡ್ತಾನೆ, ಗುಂಡಗೆ ಸವೆದಿದೆ, ಒಂದು ಪಕ್ಕಕ್ಕೆ ಓರೆ ಬೇರೆ. ಮೂವತ್ತು ವರ್ಷ ಒಂದೇ ಕೈ ಬಡಿದು ಆಗಿದ್ದ ಓರೆ ಅದು. ಲೇಥ್ ಓಡಿಸೋನ ಕಣ್ಣಿಗೆ ಓರೆ ಅಂದ್ರೆ ತಪ್ಪು. ಮರದ ಕಾವು ಬಿಚ್ಚಿದ, ಲೇಥಿಗೆ ಕಚ್ಚಿಸಿದ, ಮುಖಾನ ಕನ್ನಡಿ ಥರ ಸಪಾಟು ಮಾಡಿಬಿಟ್ಟ. ತಾತನ ಸುತ್ತಿಗೇನ ರಿಪೇರಿ ಮಾಡಿದೆ ಅಂತ ಖುಷಿ ಬೇರೆ!

ಕಾವು ಮತ್ತೆ ಹಾಕಿ, ಅದರಲ್ಲೇ ಅಂಚು ಮಡಿಸಿ ಗದೆ ಮುಗಿಸಿದ. ಅದಾದ ರಾತ್ರೀನೇ ಬಾವಿ ಹತ್ತಿರ ಆ ಸದ್ದು ಕೇಳಿದ್ದು.

ಬೆಳಿಗ್ಗೆ ಬೀಗ ತೆಗೆದು ಗದೆ ನೋಡ್ತಾನೆ... ನಿನ್ನೆ ಮುಖ ನೋಡ್ಕೊಳ್ಳೋ ಹಾಗೆ ಹೊಳೀತಿದ್ದ ಗುಂಡಿನ ಮೇಲೆಲ್ಲ ಏಟು. ಸಾಲುಸಾಲಾಗಿ, ಒಂದೊಂದು ಏಟಿನ ಪಕ್ಕದಲ್ಲೂ ಉಗುರಲ್ಲಿ ಗೀರಿದ ಹಾಗೆ ಅರ್ಧಚಂದ್ರದ ಗಾಯ. ಸಪಾಟು ಸುತ್ತಿಗೆಯ ಚೂಪಾದ ಅಂಚು ಕಚ್ಚಿದ್ರೇನೇ ಹಾಗಾಗೋದು.

ಸೇತುರಾಮ ನೇರವಾಗಿ ವೆಂಕಟಗಿರಿ ಮನೆಗೆ ಹೋಗಿ ಅವನ ಕೊರಳಪಟ್ಟಿ ಹಿಡಿದ.

"ಪಾರ್ಟಿಗೋಸ್ಕರ ಇಷ್ಟು ನೀಚ ಕೆಲಸ ಮಾಡ್ತೀಯೇನೋ?"

"ಏಯ್, ಬಿಡೋ! ಸದ್ದು ಬಂದಾಗ ನಾನು ನಿನ್ನ ಪಕ್ಕದಲ್ಲೇ ಇದ್ನಲ್ಲೋ!"

"ಇನ್ಯಾರನ್ನೋ ಬಿಟ್ಟಿದ್ದೆ. ನನ್ನನ್ನ ಬಾವಿ ಹತ್ರ ನಿಲ್ಲಿಸ್ಕೊಳ್ಳೋಕೆ ನೀನು ಬಂದೆ."

"ಸುತ್ತಿಗೆ ಎಲ್ಲಿತ್ತು?"

"ಶೆಡ್ಡಲ್ಲಿ, ನನ್ನ ಸಾಮಾನಿನ ಪೆಟ್ಟಿಗೇಲಿ."

"ಪೆಟ್ಟಿಗೆ ಬೀಗದಕೈ?"

"...ನನ್ನತ್ರಾನೇ."

"ಶೆಡ್ಡಿನ ಬೀಗದಕೈ?"

ಸೇತುರಾಮ ಕೊರಳಪಟ್ಟಿ ಬಿಟ್ಟು ಜೇಬು ಮುಟ್ಟಿ ನೋಡ್ಕೊಂಡ.

ವೆಂಕಟಗಿರಿ ಅಂಗಿ ಸರಿ ಮಾಡ್ಕೊಂಡ. "ಈಗ ಯಾರ ಮೇಲೆ ಅನುಮಾನ ಪಡಬೇಕು ಹೇಳು ಮಗಾ. ಗದೆ ಮಾಡೋಕೆ ಬರಲಿಲ್ಲ ಅಂತ ನೀನೇ ಯಾರ ಕೈಲೋ ಹೊಡಿಸಿ, ನನ್ನ ತಲೆಗೆ ಕಟ್ತಾ ಇದೀಯ."

ಗುರುವಾರ ಪೂರ್ತಿ ಸೇತುರಾಮ ಎಮರಿ ಕಾಗದ ಹಾಕಿ ಉಜ್ಜಿದ. ಮತ್ತೆ ನುಣ್ಣಗಾಯ್ತು. ಬೀಗ ಬದಲಾಯಿಸಿದ. ಶುಕ್ರವಾರ ಬೆಳಿಗ್ಗೆ ನೋಡಿದ್ರೆ ಮತ್ತೆ ಅದೇ ಏಟು, ಅದೇ ಅರ್ಧಚಂದ್ರ. ಈ ಸಲ ಇನ್ನೂ ಜಾಸ್ತಿ. ಒಂದು ಕಡೆ ಒಂದೇ ಜಾಗಕ್ಕೆ ಹತ್ತಾರು ಸಲ ಬಡಿದಿತ್ತು. ಕೆಲಸ ಕೈಗೆ ಹತ್ತದೆ ಸಿಟ್ಟು ಬಂದವರು ಬಡೀತಾರಲ್ಲ, ಹಾಗೆ.

ಮತ್ತೆ ಉಜ್ಜೋಕೆ ಕೂತ. ನಾಟಕಕ್ಕೆ ಒಂದು ದಿನ ಉಳಿದಿತ್ತು. ಗದೆ ಈ ರಾತ್ರಿ ಉಳಿದ್ರೆ ಪಾರ್ಟು, ಇಲ್ಲಾಂದ್ರೆ ಮತ್ತೆ ಪೆಟ್ಟಿಗೆ ಹೊರೋದು. ಸಾಯಂಕಾಲ ಅವನೇ ವೆಂಕಟಗಿರಿ ಹತ್ತಿರ ಹೋದ.

"ರಾತ್ರಿ ನನ್ನ ಜೊತೆ ಕಾಯ್ತೀಯಾ?"

"ಕಾಯ್ತೀನಿ. ಆದ್ರೆ ಕೈ ಕಟ್ಕೋಬೇಕು."

"ಅಂದ್ರೆ?"

"ನಿನ್ನ ಬಲಗೈ, ನನ್ನ ಎಡಗೈ. ಹಗ್ಗದಲ್ಲಿ. ನೀನು ಎದ್ದು ಹೋಗಿಲ್ಲ ಅಂತ ನನಗೆ ಗೊತ್ತಾಗಬೇಕು. ನಾನು ಹೋಗಿಲ್ಲ ಅಂತ ನಿನಗೂ."

ಇಬ್ಬರೂ ಶೆಡ್ಡಿನ ತಗಡಿನ ಗೋಡೆಗೆ ಒರಗಿ ಹೊರಗಡೆ ಕೂತ್ರು. ಬಾಗಿಲಿಗೆ ಬೀಗ. ಸುತ್ತಿಗೆ ಒಳಗೆ ಪೆಟ್ಟಿಗೆಯಲ್ಲಿ. ಕೈಗೆ ಹಗ್ಗ, ಮೂರು ಗಂಟು. ನೋಡಿದವರು ಹೊಸಾ ಮದುವೆ ಜೋಡಿ ಅಂದ್ಕೋಬೇಕು.

ಹತ್ತು ಗಂಟೆಗೆ ಕರೆಂಟು ಹೋಯ್ತು. ಕುರುಬರಹಳ್ಳಿ ಪೂರ್ತಿ ಕತ್ತಲೆ.

ಹನ್ನೊಂದಾಯ್ತು. ಏನೂ ಇಲ್ಲ. ಸೊಳ್ಳೆ.

"ನಿದ್ದೆ ಬಂತೇನೋ?"

"ಇಲ್ಲ. ನಿಂಗೆ?"

"ಇಲ್ಲ."

ಆಮೇಲೆ ಒಳಗಡೆ...

ಕ್ಲಿಕ್.

ಪೆಟ್ಟಿಗೆಯ ಕೊಂಡಿ ಬಿಚ್ಚಿದ ಸದ್ದು. ಸೇತುರಾಮನಿಗೆ ಅದು ತನ್ನ ಹೆಸರಿನಷ್ಟು ಪರಿಚಯ. ಹಗ್ಗ ಬಿಗಿಯಾಯ್ತು. ಎಳೆದಿದ್ದು ವೆಂಕಟಗಿರಿಯೋ ತಾನೋ ಗೊತ್ತಾಗಲಿಲ್ಲ.

ಈಗ ಟಣ್ ಟಣ್ ಶುರುವಾಗುತ್ತೆ ಅಂತ ಕಾದ್ರು. ಆಗಲಿಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಬೇರೆ ಥರದ ಸದ್ದು.

ಟಪ್.

...

ಟಪ್.

...

ಟಪ್... ಟಪ್... ಟಪ್...

ಸೇತುರಾಮ ತಗಡಿಗೆ ಕಿವಿ ಒತ್ತಿದ. ಲೇಥಿನ ಬೆಲ್ಟು ಅದು. ಚರ್ಮದ ಬೆಲ್ಟಿನ ಎರಡು ತುದಿ ಸೇರಿಸೋ ಕಡೆ ಒಂದು ಕ್ಲಿಪ್ಪು ಇರುತ್ತೆ, ಸುತ್ತಿಗೊಂದು ಸಲ ಚಕ್ರಕ್ಕೆ ತಗುಲಿ ಟಪ್ ಅನ್ನುತ್ತೆ. ಮೋಟರ್ ಓಡ್ತಿದ್ರೆ ಗುಂಯ್ ಅನ್ನಬೇಕು. ಗುಂಯ್ ಇರಲಿಲ್ಲ. ಊರಲ್ಲೇ ಕರೆಂಟಿಲ್ಲ.

"ಏನೋ ಅದು?" ವೆಂಕಟಗಿರಿ ಉಸಿರಲ್ಲೇ ಕೇಳಿದ.

"ಲೇಥು."

"ಕರೆಂಟು ಬಂತಾ?"

"ಇಲ್ಲ ಕಣೋ."

"ಮತ್ತೆ ಯಾರು..."

"ಯಾರೋ ಕೈಯಲ್ಲಿ ತಿರುಗಿಸ್ತಾ ಇದಾರೆ."

ಟಪ್... ಟಪ್... ಅದರ ಜೊತೆಗೇ ಕಬ್ಬಿಣ ಕೆರೆಯೋ ಸದ್ದು. ಸ್ಸ್‌ರ್... ನಿಂತಿತು. ಸ್ಸ್‌ರ್... ನಿಂತಿತು. ಹೊಸದಾಗಿ ಕೆಲಸ ಕಲಿಯೋರು ಹೆದರಿ ಹೆದರಿ ಉಳಿ ಮುಟ್ಟಿಸ್ತಾರಲ್ಲ, ಹಾಗೆ. ಒಂದು ಸಲ ಉಳಿ ಜಾಸ್ತಿ ಕಚ್ಚಿ ಕೀಂಯ್ ಅಂತು. ಆಗ ಒಳಗಿಂದ ಯಾರೋ "ಥತ್" ಅಂದ ಹಾಗಾಯ್ತು.

ಅಷ್ಟೇ. ಇಬ್ಬರೂ ಎದ್ದು ಓಡಿದ್ರು. ಕೈ ಕಟ್ಟಿರೋದು ಮರೆತೇ ಹೋಗಿತ್ತು. ಒಬ್ಬ ಬಾವಿ ಕಡೆ, ಒಬ್ಬ ರಸ್ತೆ ಕಡೆ. ಹಗ್ಗ ಜಗ್ಗಿ ಇಬ್ಬರೂ ಮಕಾಡೆ ಬಿದ್ರು. ಸೇತುರಾಮನ ಗಲ್ಲದ ಮೇಲೆ ಆ ಗಾಯದ ಕಲೆ ಈಗಲೂ ಇದೆ, ಬೇಕಾದ್ರೆ ತೋರಿಸ್ತಾನೆ.

ಬೆಳಕು ಹರಿದ ಮೇಲೆ, ಕರಿಬಸಪ್ಪನವರನ್ನ ಮುಂದೆ ಬಿಟ್ಕೊಂಡು ಬಾಗಿಲು ತೆಗೆದ್ರು. ಬೀಗ ಹಾಕಿದ ಹಾಗೇ ಇತ್ತು. ಲೇಥಿನ ಮೇಲೆ ತಾತನ ಸುತ್ತಿಗೆ, ಕಾವು ಹಾಕಿ ಇಟ್ಟಿತ್ತು. ಮುಖ ಮತ್ತೆ ಗುಂಡಗೆ, ಮತ್ತೆ ಒಂದು ಪಕ್ಕಕ್ಕೆ ಓರೆ. ಕೆಳಗೆ ಸಣ್ಣ ಸಣ್ಣ ಕಬ್ಬಿಣದ ಸಿಪ್ಪೆ ಬಿದ್ದಿತ್ತು. ಪಕ್ಕದಲ್ಲಿ ಗದೆ. ಅರ್ಧಚಂದ್ರದ ಗಾಯ ಒಂದೂ ಇಲ್ಲ. ಗುಂಡಿನ ತುಂಬ ಬೆರಳತುದಿಯಷ್ಟು ತಗ್ಗುಗಳು, ಒಂದಕ್ಕೊಂದು ತಾಗಿಕೊಂಡು. ಕಿಟಕಿ ಬೆಳಕು ಒಂದೊಂದರಲ್ಲೂ ಒಂದೊಂದು ಥರ ಬಿದ್ದಿತ್ತು.

ಕರಿಬಸಪ್ಪನವರು ಲೇಥ್ ಸುತ್ತ ಒಂದು ಸುತ್ತು ಬಂದು, "ಸೇತು, ಇವತ್ತು ರಜಾ ತಗೊಳಪ್ಪ," ಅಂದ್ರು. ಅವರೂ ಆ ದಿನ ರಜಾ ತಗೊಂಡ್ರು.

ನಾರಾಯಣಪ್ಪ ಮೇಷ್ಟ್ರು ಗದೆ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ರು.

"ಯಾರು ಮಾಡಿದ್ದು?"

ಸೇತುರಾಮ ಬಾಯಿ ತೆಗೆದ. ನಾನೇ ಅಂದಿದ್ರೆ ಈಡೇರ್ತಿತ್ತು, ಐದು ವರ್ಷದ ಆಸೆ. ಆದರೆ ಹಾಗಂದು ಇವತ್ತು ರಾತ್ರಿ ಮನೆಗೆ ಒಬ್ಬನೇ ಹೋಗಬೇಕಲ್ಲ, ಅದೂ ತಲೆಗೆ ಬಂತು.

"ಬಟ್ಟಲು ನಂದು ಸಾರ್. ಬಡಿದಿದ್ದು ನಾನಲ್ಲ."

"ಹಂಗಾದ್ರೆ ಪಾರ್ಟು ನಿಂದಲ್ಲ. ವೆಂಕಟಗಿರಿ, ತಗೊಳ್ಳಪ್ಪ."

ವೆಂಕಟಗಿರಿ ಎರಡೂ ಕೈ ಬೆನ್ನಹಿಂದೆ ಕಟ್ಕೊಂಡ. "ಬೇಡ ಸಾರ್. ನಾನು ಸೈನಿಕನಾಗಿ ಸಾಯ್ತೀನಿ."

"ಯಾಕೋ?"

"ಮೊದಲನೇ ಸೀನಲ್ಲೇ ಸಾಯ್ತೀನಿ ಸಾರ್. ಆದ್ರೆ ಅದನ್ನ ಮುಟ್ಟಲ್ಲ."

ಹಾಗಾಗಿ ಸೇತುರಾಮನೇ ರಾಕ್ಷಸ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಆ ಗದೆ ಎತ್ತಿದಾಗ ಮುಂದೆ ಕೂತಿದ್ದ ಮಕ್ಕಳು ಅಮ್ಮಂದಿರ ಸೆರಗಿಗೆ ನುಗ್ಗಿದ್ವು. ಮೂರು ಸಲ ಒನ್ಸ್ ಮೋರ್ ಬಿತ್ತು, ರಾಕ್ಷಸ ಮೂರು ಸಲ ಸಾಯಬೇಕಾಯ್ತು.

ಭಾನುವಾರ ಬೆಳಿಗ್ಗೆ, ಮುಖದ ಬಣ್ಣ ಕೂಡ ಪೂರ್ತಿ ತೊಳೀದೆ, ಸುತ್ತಿಗೆ ವಾಪಸ್ಸು ಕೊಡೋಕೆ ಚಿಕ್ಕಗಂಗಮ್ಮನ ಮನೆಗೆ ಹೋದ. ಅಜ್ಜಿ ಹಿತ್ತಲಲ್ಲಿ ಕೂತು ಹಿತ್ತಾಳೆ ಚೊಂಬು ತಿಕ್ತಾ ಇದ್ರು.

"ಅಜ್ಜಿ, ತಪ್ಪಾಯ್ತು. ಸುತ್ತಿಗೆ ಕೆಡಿಸಿದ್ದೆ. ಈಗ ಸರಿಯಾಗಿದೆ."

ಅಜ್ಜಿ ಸುತ್ತಿಗೆ ಕಡೆ ನೋಡಲೇ ಇಲ್ಲ. "ಅಲ್ಲಿಡಪ್ಪ. ಇಲ್ನೋಡು, ಯಾವನೋ ಬಂದು ನಮ್ಮ ಬಚ್ಚಲ ಚೊಂಬಿಗೆಲ್ಲ ಮಿಷನ್ ಎಣ್ಣೆ ಮೆತ್ತಿ ಹೋಗಿದಾನೆ. ಕರೀ ಎಣ್ಣೆ. ನಮ್ಮ ಯಜಮಾನರಿಗೆ ಅದರ ವಾಸನೆ ಕಂಡ್ರೆ ಆಗ್ತಿರಲಿಲ್ಲ."

"ಯಾವಾಗ ಅಜ್ಜಿ?"

"ಶುಕ್ರವಾರ ರಾತ್ರಿ. ಕೈ ತೊಳೆದಂಗೆ ನೀರು ಬಿದ್ದ ಸದ್ದೂ ಕೇಳಿಸ್ತು. ಬೆಕ್ಕು ಅಂದ್ಕೊಂಡೆ."

"ಹಿತ್ತಲ ಬಾಗಿಲು?"

"ಚಿಲಕ ಹಾಕಿತ್ತು ಕಣಪ್ಪ."

ಇದರಲ್ಲಿ ಒಂದಕ್ಷರ ಸೇರಿಸಿಲ್ಲ, ದೇವರಾಣೆ. ಸೇತುರಾಮ ಇದಾನೆ, ವೆಂಕಟಗಿರಿ ಇದಾನೆ, ಯಾರನ್ನ ಬೇಕಾದ್ರೂ ಕೇಳಿ. ಚೊಂಬು ಈಗಲೂ ಆ ಬಚ್ಚಲಲ್ಲೇ ಇದೆ. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿದ್ರು, ಬೂದಿ ಹಾಕಿ ತಿಕ್ಕಿದ್ರು. ಕತ್ತಿನ ಹತ್ತಿರ ನಾಲ್ಕು ಬೆರಳಿನ ಕರೀ ಗುರುತು ಹಾಗೇ ಉಳಿದಿದೆ.