ಒಂದೇ ಕೋಟಿನಲ್ಲಿ ಇಬ್ಬರು

ಅದು ಬೇಡ, ಒಡೀಲ್. ಅದನ್ನ ಪೆಟ್ಟಿಗೆಗೆ ಹಾಕಬೇಡ. ಮಿಕ್ಕಿದ್ದೆಲ್ಲ ತಗೊಂಡು ಹೋಗು. ಚರ್ಚಿಗೆ ಕೊಡ್ತೀನಿ ಅಂದೆ, ಕೊಟ್ಟೆ. ನಿಮ್ಮಕ್ಕನ ಸ್ವೆಟರು, ಲಂಗ, ಆ ಹಸಿರು ಟೋಪಿ... ಟೋಪಿ ನೀನೇ ಇಟ್ಕೋ. ಈ ಕೆಂಪು ಕೋಟು ಮಾತ್ರ ನಂದು.

ನಂದೇ. ಬೇಟೆ ಕೋಟು.

ಯಾಕೆ ನಗ್ತೀಯ? ನಾನೂ ಜಿಂಕೆ ಬೇಟೆಗೆ ಹೋಗಿದ್ದೆ. ಒಂದು ಸಲ. ಸರಿ, ಕಾರಲ್ಲೇ ಕೂತಿದ್ದೆ. ನಿಮ್ಮಕ್ಕ ಡೆಲ್ಫಿನ್ ಹೊಡೆದಳು. ಎಳ್ಕೊಂಡು ಬರೋಕೆ ನಾನು ಬೇಕಾಯ್ತಲ್ಲ.

ಕೂತ್ಕೋ. ಕಾಫಿ ಇದೆ. ಈ ಕೋಟಿನ ಕತೆ ಕೇಳಿದ್ರೆ ನೀನೇ ಬಿಟ್ಟು ಹೋಗ್ತೀಯ.

ಅರವತ್ತೇಳನೇ ಇಸವಿ. ಡಿಸೆಂಬರ್ ಕೊನೇ ದಿನ. ಡಲ್ಲಾಸ್‌ನವರು ನಮ್ಮೂರಿಗೆ ಬಂದಿದ್ರು. ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಫುಟ್‌ಬಾಲ್ ಆಟ. ಗ್ರೀನ್ ಬೇನಲ್ಲಿ ಹುಟ್ಟಿದವಳು ನೀನು, ಚಳಿ ಅಂದ್ರೆ ಏನು ಅಂತ ನಿಂಗೆ ಹೇಳಬೇಕಾಗಿಲ್ಲ. ಆದ್ರೂ ಅವತ್ತಿನದು... ಕೈಲಿದ್ದ ಕಾಫಿ ಗಟ್ಟಿಯಾಯ್ತು. ಅಂಪೈರ್ ಸೀಟಿ ಊದಿದ, ಸೀಟಿ ತುಟಿಗೇ ಅಂಟಿಕೊಳ್ತು. ಕಿತ್ತಾಗ ಚರ್ಮಾನೂ ಬಂತು. ಆಮೇಲೆ ಬಾಯಲ್ಲೇ ಕೂಗಿ ಆಟ ಆಡಿಸಿದ್ರು.

ನಿಮ್ಮಕ್ಕ ಗಡಗಡ ನಡುಗ್ತಿದ್ದಳು. ನಾನು ಕೋಟು ಬಿಚ್ಚಿದೆ. ಬಲ ತೋಳಿಗೆ ನಾನು ಕೈ ಹಾಕಿದೆ, ಎಡ ತೋಳಿಗೆ ಅವಳು. ಒಂದೇ ಕೋಟಲ್ಲಿ ಇಬ್ಬರು. ಹಿಂದಿನ ಸಾಲಿನವನು, ‘ಏ ರೆಮಿ, ಮದುವೆಯಾಗಿ ಎಷ್ಟು ವರ್ಷ ಆಯ್ತೋ?’ ಅಂತ ಕಿಚಾಯಿಸಿದ. ‘ಇವತ್ತು ಬೆಳಿಗ್ಗೆ’ ಅಂದಳು ಇವಳು.

ಕೊನೇ ಗಳಿಗೆ. ಡಲ್ಲಾಸ್ ಮುಂದಿದೆ. ನಮ್ಮವರು ಚೆಂಡು ಹಿಡ್ಕೊಂಡು ಗೆರೆ ದಾಟೋಕೆ ಒಂದೇ ಗಜ ಬಾಕಿ. ಆಟ ಮುಗಿಯೋಕೆ ಕೆಲವೇ ಸೆಕೆಂಡು. ಎಲ್ಲರೂ ಎದ್ದರು. ಡೆಲ್ಫಿನ್ ಬೆಂಚಿನ ಮೇಲೆ ಹಾರಿದಳು. ನಾನು ಹಾರಲಿಲ್ಲ. ಒಂದೇ ಕೋಟಲ್ವಾ...

ಬಿದ್ವಿ. ಬೆಂಚುಗಳ ಸಂದೀಲಿ, ಇಬ್ಬರೂ. ಮೇಲೆ ಊರೇ ಅರಚ್ತಿದೆ. ನನ್ನ ಕಣ್ಣಿಗೆ ಬಿದ್ದದ್ದು ಯಾರದೋ ಬೂಟು. ನಿಮ್ಮಕ್ಕ ಅಲ್ಲೇ ಮಲಕ್ಕೊಂಡು ಕೇಳಿದಳು, ‘ಗೆದ್ವೇನ್ರೀ?’

ಗೆದ್ವಿ. ಆಮೇಲೆ ಯಾರು ಕೇಳಿದ್ರೂ, ‘ತುಂಬ ಹತ್ತಿರದಿಂದ ನೋಡಿದ್ವಿ’ ಅಂತಿದ್ದಳು. ಮೂವತ್ತು ವರ್ಷ ಹಾಗೇ ಹೇಳಿದಳು.

ನಗು, ನಗು. ನಗಬೇಕಾದ್ದೇ ಅದು.

ಅದಕ್ಕೇ ಕೋಟು ಇರಲಿ ಅಂದೆ. ನಂದು ಅಲ್ವಾ.

ಅರೆ, ಏನು ನೋಡ್ತಿದೀಯ?

ಗುಂಡಿ ಯಾಕೆ ಮುಟ್ತಿದೀಯ?

ಹೂಂ. ಎಡಗಡೆ ಇವೆ. ಹೆಂಗಸರ ಕೋಟಿಗೆ ಎಡಗಡೆ. ಜೀವಮಾನ ಎಲ್ಲಾ ಹೊಲಿಗೆ ಹಾಕಿದವಳು ನೀನು...

ಸರಿ, ಒಪ್ಕೊಂಡೆ, ಒಡೀಲ್.

ಅವಳದೇ. ನಡುಗ್ತಿದ್ದದ್ದು ನಾನು. ಊರವನಿಗೆ ಎಂಥ ಚಳಿ ಅಂತ, ಮಿಲ್ಲಿಗೆ ಹಾಕ್ಕೊಳ್ಳೋ ಜಾಕೆಟ್ಟಲ್ಲೇ ಹೋಗಿದ್ದೆ. ಅವಳು ಬಿಚ್ಚಿದಳು. ಆದ್ರೆ ಮನೆಗೆ ಯಾರೇ ಬರಲಿ, ‘ರೆಮಿ ಕೋಟು ಕೊಟ್ಟ, ಬದುಕಿದೆ’ ಅಂತ ಅವಳೇ ಹೇಳೋಳು. ನಾನು ಪಕ್ಕದಲ್ಲಿ ದೊಡ್ಡ ಮನುಷ್ಯನ ಹಾಗೆ ಕೂತಿರ್ತಿದ್ದೆ.

ಈಗ ಹಾಗೆ ಹೇಳೋರು ಯಾರೂ ಇಲ್ಲ. ನಾನೇ ಹೇಳ್ಕೋಬೇಕು.

...ಎಲ್ಲಿಗೆ ತಗೊಂಡು ಹೋಗ್ತಿದೀಯ? ಪೆಟ್ಟಿಗೆ ಈ ಕಡೆ ಇದೆ.

ಓ. ಗೂಟಕ್ಕೆ ನೇತು ಹಾಕೋಕೆ.

ಸರಿ. ಅಲ್ಲೇ ಇರಲಿ.

ಬರೋ ಭಾನುವಾರ ಆಟ ಇದೆ. ನನ್ನ ಪಕ್ಕದ ಸೀಟು ಖಾಲಿ. ಬಾ. ಬೆಚ್ಚಗೆ ಹಾಕ್ಕೊಂಡು ಬಾ, ಮಾರಾಯ್ತಿ. ನಡುಗಿದ್ರೆ ನಾನು ಕೋಟು ಬಿಚ್ಚಲ್ಲ.